ಚಂದ್ರಗಿರಿಯ ತೆಂಕಣ ದಡದ ನಮ್ಮ ಕನ್ನಡ ಹೈಸ್ಕೂಲು: ಮುಚ್ಚಿದ್ದು ಯಾವಾಗ, ಹೇಗೆ?

ಹಳೆ ವಿದ್ಯಾರ್ಥಿ:

ಎಲ್ಲರಿಗೂ ನಮಸ್ಕಾರ. ಚಂದ್ರಗಿರಿ ಹೊಳೆಯ ತೆಂಕಣ ದಡದಲ್ಲಿರುವ ನಮ್ಮ ಪೇಟೆಯ ಸರಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಆ ವರ್ಷದ ಮಾರ್ಚಿನಲ್ಲೇ ನಾನು ಎಸ್‌ಎಸ್‌ಎಲ್‌ಸಿ ಬರೆದು ಮುಗಿಸಿದ್ದರಿಂದ ನಾನು ಕಣ್ಣೂರು ಜಿಲ್ಲೆಯಲ್ಲಿ ಹೈಸ್ಕೂಲು ಮುಗಿಸಿದವನು, ಅದೇ ಬೆಂಚಿನಲ್ಲಿ ಮುಂದಿನ ವರ್ಷ ಕುಳಿತ ನನ್ನ ತಮ್ಮ ಕಾಸರಗೋಡು ಜಿಲ್ಲೆಯವನು. ಒಂದೇ ಮನೆಯಿಂದ ಒಂದೇ ಶಾಲೆಗೆ ನಡೆದುಹೋದ ಇಬ್ಬರ ನಡುವೆ ಜಿಲ್ಲೆ ಬದಲಾಯಿತು. ನಮ್ಮ ತಂದೆ ಅದೇ ಕಟ್ಟಡದಲ್ಲಿ ಓದಲು ತೊಡಗಿದಾಗ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಅವರು ಓದು ಮುಗಿಸುವಾಗ ಕೇರಳ ರಾಜ್ಯದ ಕಣ್ಣೂರು ಜಿಲ್ಲೆಯ ಹೊಸದುರ್ಗ ತಾಲೂಕು.

ಈ ಚರ್ಚೆಯನ್ನು ಆರಂಭಿಸಲು ಒಂದು ಕಾರಣವಿದೆ. ಕೇರಳದ ಶಾಲೆಗಳ ಚರಿತ್ರೆಯನ್ನು ಆಯಾ ಶಾಲೆಯವರೇ ಬರೆದು ಸೇರಿಸುವ 'ಸ್ಕೂಲ್‌ವಿಕಿ' ಎಂಬ ಮಲಯಾಳಂ ಜಾಲತಾಣದಲ್ಲಿ ನಮ್ಮ ಶಾಲೆಯ ಪುಟವನ್ನು ಓದಿದೆ. ಕಟ್ಟಡಗಳು, ಮುಖ್ಯೋಪಾಧ್ಯಾಯರ ಪಟ್ಟಿ, ಕಲೋತ್ಸವದ ಬಹುಮಾನಗಳು, ಹೊಸ ಪ್ರಯೋಗಾಲಯ ಎಲ್ಲವೂ ಅಲ್ಲಿ ಇವೆ. ಕನ್ನಡದ ಬಗ್ಗೆ ಇರುವುದು ಒಂದೇ ವಾಕ್ಯ: ಹಿಂದೆ ಇಲ್ಲಿ ಕನ್ನಡ ವಿಭಾಗವೂ ಇತ್ತು. ಬರೆದವರ ಮೇಲೆ ನನಗೆ ಆಕ್ಷೇಪವಿಲ್ಲ. ಅವರಿಗೆ ಸಿಕ್ಕಿದ್ದಷ್ಟನ್ನು ಅವರು ಬರೆದಿದ್ದಾರೆ. ನಾವು ಬರೆದಿಡದೆ ಹೋದದ್ದನ್ನು ಅವರು ಎಲ್ಲಿಂದ ತರಬೇಕು? ಆದರೆ ಆ ಒಂದು 'ಹಿಂದೆ' ಎಂಬ ಪದದೊಳಗೆ ನನ್ನ ತಂದೆ, ನಾನು, ನನ್ನ ತಮ್ಮ, ತಂಗಿ, ಕನ್ನಡದಲ್ಲಿ ಬೀಜಗಣಿತ ಕಲಿಸಿದ ಟೀಚರ್, ಕನ್ನಡದಲ್ಲಿ ಹಾಜರಿ ಕರೆದ ಮಾಷ್ಟ್ರು ಎಲ್ಲರೂ ಅಡಗಿಹೋಗಿದ್ದೇವೆ. ಅದನ್ನು ಬಿಡಿಸಿ ಬರೆಯಬೇಕೆಂದು ನನ್ನ ಆಸೆ.

ಬರೆಯಲು ಕುಳಿತಾಗ ಮೊದಲ ಪ್ರಶ್ನೆಯಲ್ಲೇ ತಡೆಯುಂಟಾಯಿತು: ನಮ್ಮ ಹೈಸ್ಕೂಲು ಮುಚ್ಚಿದ್ದು ಯಾವಾಗ? ನಾನು ಕೇಳಿದ ಹತ್ತು ಜನ ಹತ್ತು ವರ್ಷಗಳನ್ನು ಹೇಳಿದರು. ಎಂಟನೇ ತರಗತಿಗೆ ಕನ್ನಡದಲ್ಲಿ ಸೇರ್ಪಡೆ ನಿಂತ ವರ್ಷವನ್ನು ಕೆಲವರು, ಕೊನೆಯ ತಂಡ ಪರೀಕ್ಷೆ ಬರೆದ ವರ್ಷವನ್ನು ಕೆಲವರು, ಕೊನೆಯ ಕನ್ನಡ ಅಧ್ಯಾಪಕರಿಗೆ ವರ್ಗವಾದ ವರ್ಷವನ್ನು ಇನ್ನು ಕೆಲವರು ಹೇಳುತ್ತಾರೆ. ಬಾಗಿಲಿಗೆ ಬೀಗ ಹಾಕಿದ ದಿನ ಎಂಬುದಿಲ್ಲ, ಏಕೆಂದರೆ ಬಾಗಿಲು ಇಂದಿಗೂ ತೆರೆದೇ ಇದೆ. ನನಗೆ ಈಗ ಅನ್ನಿಸುತ್ತಿರುವುದು ಇಷ್ಟು: ನಮ್ಮ ಶಾಲೆ ಒಂದು ದಿನ ಮುಚ್ಚಿದ್ದಲ್ಲ, ಡಿವಿಷನ್ ಡಿವಿಷನ್ ಆಗಿ (ತರಗತಿಯ ಒಂದೊಂದು ಸೆಕ್ಷನ್ ಆಗಿ) ಮುಚ್ಚಿದ್ದು, ಚರಿತ್ರೆಯನ್ನೂ ಹಾಗೆಯೇ, ಡಿವಿಷನ್‌ಗಳ ಲೆಕ್ಕದಲ್ಲೇ ಬರೆಯಬೇಕು. ಎಲ್ಲದಕ್ಕೂ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ನ್ನು ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಆದರೆ 1956ರ ಅನಂತರವೂ ಅಲ್ಲಿ ಎರಡು ತಲೆಮಾರು ಕನ್ನಡದಲ್ಲಿ ಓದಿತು. ತಿಳಿದವರು, ನೆನಪಿದ್ದವರು ದಯವಿಟ್ಟು ಬರೆಯಬೇಕು.

ಕೋಟೆಬಾಗಿಲು:

ವಿಷಯ ಒಳ್ಳೆಯದು, ಆದರೆ ಶೀರ್ಷಿಕೆಗೆ ನನ್ನ ಆಕ್ಷೇಪವಿದೆ. ಆ ಹೈಸ್ಕೂಲು ಮುಚ್ಚಿಲ್ಲ. ನನ್ನ ಅಕ್ಕನ ಮಗ ಈಗ ಅಲ್ಲೇ ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾನೆ. ನಡೆಯುತ್ತಿರುವ ಶಾಲೆಯನ್ನು ಮುಚ್ಚಿದ ಶಾಲೆ ಎಂದು ಬರೆದರೆ ಇಂದು ಅಲ್ಲಿ ದುಡಿಯುತ್ತಿರುವ ಅಧ್ಯಾಪಕರಿಗೂ ಮಕ್ಕಳಿಗೂ ಅನ್ಯಾಯವಾಗುತ್ತದೆ; ಊರವರಲ್ಲಿ ಇಲ್ಲದ ಸಂಶಯವೂ ಹುಟ್ಟುತ್ತದೆ. 'ಕನ್ನಡ ವಿಭಾಗದ ಚರಿತ್ರೆ' ಎಂದರೆ ಸಾಲದೆ?

ಗಣಿತದ ಟೀಚರ್:

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ನಾನು ಆ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿದವಳು, ಈಗ ನಿವೃತ್ತಳು. 'ವಿಭಾಗ' ಎಂದರೆ ಸಾಲದು ಎಂಬುದು ನನ್ನ ಅನುಭವ. ಬೆಳಗಿನ ಅಸೆಂಬ್ಲಿ ಒಂದೇ, ಗಂಟೆ ಒಂದೇ, ಬಾವಿ ಒಂದೇ ಆಗಿದ್ದರೂ ನಮ್ಮಲ್ಲಿ ಎರಡು ಶಾಲೆಗಳಿದ್ದವು. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳು, ಕನ್ನಡದಲ್ಲೇ ಪಾಠ ಹೇಳುವ ಗಣಿತ, ಭೌತವಿಜ್ಞಾನ, ಜೀವವಿಜ್ಞಾನ, ಸಮಾಜ ಅಧ್ಯಾಪಕರು, ಕನ್ನಡದ ಪ್ರಶ್ನಪತ್ರಿಕೆಗಳ ಪ್ರತ್ಯೇಕ ಕಟ್ಟು, ಗ್ರಂಥಾಲಯದಲ್ಲಿ ಎರಡು ಕಪಾಟು ಕನ್ನಡ ಪುಸ್ತಕ ಎಲ್ಲವೂ ಇದ್ದ ಪೂರ್ಣ ಹೈಸ್ಕೂಲು ಅದು. ಅದು ಈಗ ಇಲ್ಲ. ಹಾಗಾಗಿ ಅದು ಮುಚ್ಚಿದೆ ಎಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಡಿವಿಷನ್ ಲೆಕ್ಕದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ಆರಂಭವಾಗಿ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಆಧಾರದಲ್ಲೇ ಆ ವರ್ಷದ ಸ್ಟಾಫ್ ಫಿಕ್ಸೇಶನ್, ಅಂದರೆ ಅಧ್ಯಾಪಕ ಹುದ್ದೆಗಳ ನಿಗದಿ, ನಡೆಯುತ್ತದೆ. ಹೈಸ್ಕೂಲಿನಲ್ಲಿ ಡಿವಿಷನ್‌ಗೆ 45 ಮಕ್ಕಳೆಂಬುದು ಹಳೆಯ ಲೆಕ್ಕ. ಮಕ್ಕಳು ಕಡಿಮೆಯಾಗಿ ಎರಡು ಡಿವಿಷನ್ ಒಂದಾದರೆ ನಾವು ಅದನ್ನು 'ಡಿವಿಷನ್ ಫಾಲ್' ಎನ್ನುತ್ತಿದ್ದೆವು. ಡಿವಿಷನ್ ಬಿದ್ದರೆ ವಾರದ ಪೀರಿಯಡ್‌ಗಳು ಕಡಿಮೆಯಾಗುತ್ತವೆ. ಪೀರಿಯಡ್ ಕಡಿಮೆಯಾದರೆ ಹುದ್ದೆ ಉಳಿಯುವುದಿಲ್ಲ. ಹುದ್ದೆ ಹೋದರೆ ಇರುವ ಅಧ್ಯಾಪಕರಿಗೆ ಬೇರೆ ಶಾಲೆಗೆ ವರ್ಗವಾಗುತ್ತದೆ. ಮುಂದಿನ ವರ್ಷ ಒಬ್ಬ ತಂದೆ ಮಗಳ ಕೈ ಹಿಡಿದು ಬಂದು ಕೇಳುತ್ತಾನೆ: 'ಟೀಚರ್, ಕನ್ನಡಕ್ಕೆ ಸೇರಿಸಿದರೆ ವಿಜ್ಞಾನಕ್ಕೆ ಯಾರಿದ್ದಾರೆ?' ದಿನವೇತನದವರು ಬರುತ್ತಾರೆ ಎಂದು ನಾನು ಹೇಳಬೇಕು. ಅವನು ತಲೆದೂಗಿ ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ಅವನನ್ನು ನಾನು ದೂರಲಾರೆ. ಅವನು ಹೋದುದರಿಂದ ಅದರ ಮುಂದಿನ ವರ್ಷದ ತಲೆ ಎಣಿಕೆ ಇನ್ನೂ ಇಳಿಯುತ್ತದೆ.

ಜೂನ್‌ನ ಆ ಮೊದಲ ವಾರ ನಾವು ಅಧ್ಯಾಪಕರು ಮನೆ ಮನೆಗೆ ಹೋಗುತ್ತಿದ್ದೆವು. ಮಳೆ ಹಿಡಿದಿರುತ್ತಿತ್ತು, ಹೊಳೆಯಂಚಿನ ಗದ್ದೆಯ ಬದುವಿನಲ್ಲಿ ಕೊಡೆ ಹಿಡಿದು ನಡೆದುಹೋಗಿ, ಏಳನೇ ತರಗತಿ ಮುಗಿಸಿದ ಮಕ್ಕಳ ತಾಯಂದಿರ ಬಳಿ ಕುಳಿತು, ಎಂಟಕ್ಕೆ ಕನ್ನಡಕ್ಕೇ ಸೇರಿಸಿ ಎಂದು ಬೇಡುತ್ತಿದ್ದೆವು. ಒಂದು ಮನೆಯಲ್ಲಿ ಕಾಫಿ ಕೊಟ್ಟು, ಮಗುವಿನ ಟಿ.ಸಿ. ಆಗಲೇ ಬೇರೆ ಶಾಲೆಗೆ ಹೋಗಿದೆ ಎಂದು ಬಹಳ ಮೆಲ್ಲಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ.

ಇಂಗ್ಲಿಷ್ ಮೋಹ ಒಂದೇ ಕಾರಣವೆಂದು ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಾನು ಕಂಡಂತೆ ದೊಡ್ಡ ತಿರುವು ಪ್ಲಸ್ ಟು, ಅಂದರೆ ಶಾಲೆಯಲ್ಲೇ ಹನ್ನೊಂದು, ಹನ್ನೆರಡನೇ ತರಗತಿ. 1990ರ ದಶಕದಲ್ಲಿ ಕಾಲೇಜುಗಳಿಂದ ಪ್ರಿಡಿಗ್ರಿಯನ್ನು ಹಂತಹಂತವಾಗಿ ತೆಗೆದು ಶಾಲೆಗಳಿಗೆ ಹೈಯರ್ ಸೆಕೆಂಡರಿ ಕೊಟ್ಟರು. 2000ದ ಹೊತ್ತಿಗೆ ಪ್ರಿಡಿಗ್ರಿ ಸಂಪೂರ್ಣ ನಿಂತಿತು. ಪ್ಲಸ್ ಒನ್‌ನ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪುಸ್ತಕ ಇಂಗ್ಲಿಷಿನಲ್ಲಿ. ತರಗತಿಯಲ್ಲಿ ವಿವರಣೆ ಮಲಯಾಳದಲ್ಲಿ. ಹತ್ತರವರೆಗೆ ಕನ್ನಡದಲ್ಲಿ ಓದಿದ ಮಗು ಹನ್ನೊಂದಕ್ಕೆ ಹೋಗಿ ಎರಡು ಭಾಷೆಗಳನ್ನು ಒಟ್ಟಿಗೆ ದಾಟಬೇಕಾಯಿತು. ಹಿಂದೆ ಪ್ರಿಡಿಗ್ರಿಗೆಂದು ಕಾಸರಗೋಡಿನ ಸರಕಾರಿ ಕಾಲೇಜಿಗೋ ಮಂಗಳೂರಿಗೋ ಹೋಗುವಾಗ ಈ ಭಯ ಇಷ್ಟಿರಲಿಲ್ಲ, ಅಲ್ಲಿ ಕನ್ನಡ ಬಲ್ಲ ಅಧ್ಯಾಪಕರೂ ಗೆಳೆಯರೂ ಇರುತ್ತಿದ್ದರು. ಈ ಭಯವನ್ನು ಕಂಡ ತಂದೆತಾಯಿಯರು ಎಂಟನೆಯದರಲ್ಲೇ ಮಾಧ್ಯಮ ಬದಲಿಸಿದರು.

ಹಳೆ ಗುಮಾಸ್ತ:

ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಬಹುಕಾಲ ಕಡತ ನೋಡಿದವನು ನಾನು. ಟೀಚರ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದೆರಡು ವಿಷಯಗಳನ್ನು ಸೇರಿಸುತ್ತೇನೆ.

ಅನುದಾನಿತ ಶಾಲೆಯೊಂದನ್ನು ಮ್ಯಾನೇಜರ್ ಮುಚ್ಚಬೇಕಾದರೆ 1958ರ ಕೇರಳ ಶಿಕ್ಷಣ ಕಾಯಿದೆಯ 7ನೆಯ ಸೆಕ್ಷನ್ ಪ್ರಕಾರ ಮೇ 31ಕ್ಕೆ ಮುಗಿಯುವ ಒಂದು ಪೂರ್ಣ ವರ್ಷದ ನೋಟೀಸು ಕೊಡಬೇಕು. ಅಂದರೆ ಅಲ್ಲಿ ಕಾಗದವಿರುತ್ತದೆ, ದಿನಾಂಕವಿರುತ್ತದೆ, ಊರವರು ಎದ್ದು ನಿಲ್ಲಲು ಸಮಯವಿರುತ್ತದೆ. 2016ರಲ್ಲಿ ಕೋಯಿಕ್ಕೋಡಿನ ಮಲಾಪ್ಪರಂಬ ಶಾಲೆಯೂ ಸೇರಿ ನಾಲ್ಕು ಅನುದಾನಿತ ಶಾಲೆಗಳನ್ನು ಮುಚ್ಚುವ ಪ್ರಸಂಗ ಬಂದಾಗ ಊರವರು ಹೋರಾಡಿದರು, ಪ್ರಕರಣ ನ್ಯಾಯಾಲಯದವರೆಗೆ ಹೋಯಿತು, ಕೊನೆಗೆ ಸರಕಾರವೇ ಅವುಗಳನ್ನು ವಹಿಸಿಕೊಂಡಿತು. ಸರಕಾರಿ ಶಾಲೆಯೊಳಗಿನ ಒಂದು ಮಾಧ್ಯಮ ನಿಂತುಹೋಗುವಾಗ ಇಂಥ ನೋಟೀಸು ಇರುವುದಿಲ್ಲ. ಸ್ಟಾಫ್ ಫಿಕ್ಸೇಶನ್ ಆದೇಶದ ಕೋಷ್ಟಕದಲ್ಲಿ ಒಂದು ಅಂಕಣದ ಸಂಖ್ಯೆ ಎರಡರಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಇಳಿಯುತ್ತದೆ, ಅಷ್ಟೆ. ನಿಮಗೆ ಮುಚ್ಚಿದ ದಿನಾಂಕ ಸಿಗದಿರುವುದಕ್ಕೆ ಕಾರಣ ಇದೇ.

ಎರಡನೆಯದಾಗಿ, ಎಲ್‌ಪಿಯಲ್ಲಿ (ಕಿರಿಯ ಪ್ರಾಥಮಿಕದಲ್ಲಿ) ಕನ್ನಡ ಉಳಿದು ಹೈಸ್ಕೂಲಿನಲ್ಲಿ ಏಕೆ ಅಳಿಯಿತು ಎಂದು ಹಲವರು ಕೇಳುತ್ತಾರೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕೆಂದು 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ್ದೂ ಪ್ರಾಥಮಿಕಕ್ಕೇ. ಪ್ರೌಢ ಹಂತಕ್ಕೆ ಆಮೇಲಿನ ಅಖಿಲ ಭಾರತ ಒಪ್ಪಂದಗಳಲ್ಲಿ ಮೇಲಿನ ನಾಲ್ಕು ತರಗತಿಗಳಲ್ಲಿ ಒಟ್ಟು 60, ತರಗತಿಗೆ 15 ಎಂಬ ಸಂಖ್ಯೆ ಬಂದಿತು. ಆದರೆ ಅದು ಸರಕಾರಗಳ ಒಪ್ಪಂದ, ಸಂವಿಧಾನದ ಭರವಸೆಯಲ್ಲ. ಸಣ್ಣ ಪೇಟೆಯ ಹೈಸ್ಕೂಲಿನಲ್ಲಿ ತರಗತಿಗೆ 15 ಎಂಬುದು ಒಂದು ಕೆಟ್ಟ ವರ್ಷದಲ್ಲಿ ಕೈತಪ್ಪುವ ಸಂಖ್ಯೆ.

ದಾಖಲೆಗಳ ಬಗ್ಗೆ: ಅಡ್ಮಿಷನ್ ರಿಜಿಸ್ಟರ್ ಶಾಶ್ವತವಾಗಿ ಇಡಬೇಕಾದ ದಾಖಲೆ. ಶಾಲೆ ನಡೆಯುತ್ತಿರುವುದರಿಂದ ಅದು ಅಲ್ಲೇ ಇರಬೇಕು. ಮಗುವಿನ ಹೆಸರು, ಪೋಷಕರ ಹೆಸರು ಮತ್ತು ಉದ್ಯೋಗ, ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಬಿಡಲು ಕಾರಣ ಎಲ್ಲವೂ ಅದರಲ್ಲಿರುತ್ತವೆ. ಆ 'ಬಿಡಲು ಕಾರಣ' ಎಂಬ ಅಂಕಣವನ್ನು ಸಾಲಾಗಿ ಓದಿದರೆ ನಿಮಗೆ ಬೇಕಾದ ಅರ್ಧ ಚರಿತ್ರೆ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ: ಅದರಲ್ಲಿ ಜಾತಿ, ಧರ್ಮ, ಹುಟ್ಟಿದ ದಿನಾಂಕ ಇರುತ್ತವೆ. ಪುಟಗಳ ಫೋಟೋ ತೆಗೆದು ಇಲ್ಲಿ ಹಾಕಬೇಡಿ. ವರ್ಷವಾರು ಸಂಖ್ಯೆಗಳನ್ನು ಮಾತ್ರ ಕೇಳಿದರೆ ಸಾಕು. ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿಯಲ್ಲಿ 'ಕನ್ನಡ ಮಾಧ್ಯಮದ ಮಕ್ಕಳೆಷ್ಟು' ಎಂದಷ್ಟೇ ಕೇಳದೆ 'ಪ್ರತಿ ವರ್ಷದ ಸ್ಟಾಫ್ ಫಿಕ್ಸೇಶನ್ ಆದೇಶದ ಪ್ರತಿ' ಎಂದು ಕೇಳಿ.

ಬೇಕಲದ ಮೊಮ್ಮಗಳು:

ನನ್ನ ಅಜ್ಜ ಆ ಶಾಲೆಯ ಹಳೆಯ ವಿದ್ಯಾರ್ಥಿ. ಅವರಿಗೆ ಈಗ ಓದಲು ಕಣ್ಣು ಸಾಲದು, ಆದ್ದರಿಂದ ಈ ಚರ್ಚೆಯನ್ನು ಅವರಿಗೆ ಓದಿ ಹೇಳಿ, ಅವರು ಹೇಳಿದ್ದನ್ನು ಬರೆದುಕೊಂಡಿದ್ದೇನೆ.

ಅಜ್ಜ ಹೇಳುವುದೇನೆಂದರೆ, ಹೊಳೆಯ ತೆಂಕು ಭಾಗದಲ್ಲಿ ಕನ್ನಡ ಹೇಗೆ ಬಂತು ಎಂಬುದರಿಂದಲೇ ಚರಿತ್ರೆ ಆರಂಭವಾಗಬೇಕು. ಕೆಳದಿಯ ನಾಯಕರ ಕಾಲದಲ್ಲಿ ಬೇಕಲ, ಹೊಸದುರ್ಗ ಕೋಟೆಗಳ ಕಾವಲಿಗೆಂದು ಬಂದು ನೆಲೆನಿಂತ ಕುಟುಂಬಗಳು ನಮ್ಮವು. ಇಂದಿಗೂ ನಮ್ಮನ್ನು ಕೋಟೆಯವರು ಎನ್ನುವವರಿದ್ದಾರೆ. ಪೇಟೆಯಲ್ಲಿ ಕೊಂಕಣಿಯ ಅಂಗಡಿಕಾರರು, ಬೆಟ್ಟದ ಕಡೆ ತುಳು ಮಾತನಾಡುವವರು ಇದ್ದರು. ಮನೆಮಾತು ಯಾವುದೇ ಇರಲಿ, ಓದು ಬರಹ ಕನ್ನಡದಲ್ಲಿ ನಡೆಯುತ್ತಿತ್ತು, ಏಕೆಂದರೆ ಕಚೇರಿ ಮಂಗಳೂರಿನಲ್ಲಿತ್ತು. ಅಜ್ಜನ ಕಾಲದಲ್ಲಿ ಅದನ್ನು ಊರವರು ಬೋರ್ಡು ಹೈಸ್ಕೂಲು ಎನ್ನುತ್ತಿದ್ದರು. ತರಗತಿಗೆ ಫಾರಂ ಎಂದು ಹೆಸರು. ಆರನೆಯ ಫಾರಂ ಮುಗಿದರೆ ಎಸ್‌ಎಸ್‌ಎಲ್‌ಸಿ. ತಿಂಗಳ ಫೀಸು ತುಂಬಲಾಗದೆ ಎರಡು ಸಲ ಹೆಸರು ಹೊಡೆದುಹಾಕಿ ಮತ್ತೆ ಸೇರಿಸಿಕೊಂಡಿದ್ದಾರಂತೆ.

1956ರ ನವೆಂಬರ್ 1ರಂದು ಶಾಲೆಯಲ್ಲಿ ಏನಾಯಿತು ಎಂದು ಕೇಳಿದೆ. ಆ ದಿನ ತರಗತಿಯಲ್ಲಿ ಏನೂ ಬದಲಾಗಲಿಲ್ಲವಂತೆ. ಪುಸ್ತಕ ಅದೇ, ಮಾಷ್ಟ್ರು ಅವರೇ. ಬದಲಾದದ್ದು ಕಚೇರಿಗೆ ಬರುವ ಲಕೋಟೆ: ಮಂಗಳೂರಿನಿಂದ ಬರುತ್ತಿದ್ದದ್ದು ತೆಂಕಿನಿಂದ ಬರತೊಡಗಿತು. 'ಮೊದಲು ಲಕೋಟೆ, ಆಮೇಲೆ ಮುದ್ರೆ, ಆಮೇಲೆ ಮಾಷ್ಟ್ರು, ಕೊನೆಗೆ ಮಕ್ಕಳು' ಎಂದು ಅವರು ಬೆರಳು ಮಡಚಿ ಎಣಿಸಿದರು.

ಇನ್ನೊಂದು ಮಾತನ್ನು ಬರೆಯಲೇಬೇಕೆಂದು ಹೇಳಿದ್ದಾರೆ. 1967ರಲ್ಲಿ, ರಾಜ್ಯಗಳ ಗಡಿ ವಿವಾದಕ್ಕೆಂದು ನೇಮಿಸಿದ್ದ ಮಹಾಜನ ಆಯೋಗದ ವರದಿ ಬಂದಾಗ ಕಾಸರಗೋಡಿನಲ್ಲಿ ಸಂತೋಷಪಟ್ಟವರು ಬಹಳ. ಆದರೆ ಆಯೋಗ ಕರ್ನಾಟಕಕ್ಕೆ ಸೇರಬೇಕೆಂದದ್ದು ಚಂದ್ರಗಿರಿಯ ಬಡಗಣ ಭಾಗ ಮಾತ್ರ. ನಮ್ಮ ಶಾಲೆ ತೆಂಕಣ ದಡದ್ದು. ಆ ವರದಿ ಜಾರಿಯಾಗಿದ್ದರೂ ನಾವು ಇಲ್ಲೇ ಉಳಿಯುತ್ತಿದ್ದೆವು. ಅದರ ಅನಂತರ ಕನ್ನಡ ಸಭೆಗಳಲ್ಲಿ 'ಕಾಸರಗೋಡು' ಎಂದರೆ ಹೊಳೆಯವರೆಗೆ ಎಂಬ ಅರ್ಥ ಬಂದುಬಿಟ್ಟಿತು, ನಮ್ಮ ಕಡೆಗೆ ಭಾಷಣಕಾರರು ಬರುವುದೂ ಕಡಿಮೆಯಾಯಿತು ಎಂದು ಅಜ್ಜನಿಗೆ ಬೇಸರವಿದೆ.

ಹಳೆ ವಿದ್ಯಾರ್ಥಿ:

ಅಜ್ಜನವರಿಗೆ ನನ್ನ ನಮಸ್ಕಾರ ತಿಳಿಸಬೇಕು. ಮಹಾಜನ ಗೆರೆಯ ತೆಂಕಿನಲ್ಲಿ ಇರುವುದೆಂದರೆ ಏನೆಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಯೋಚಿಸಿರಲಿಲ್ಲ. ನಮ್ಮ ಚರಿತ್ರೆಯ ಎರಡನೆಯ ಅಧ್ಯಾಯ ಇದೇ ಆಗಬೇಕು.

ಶಾರ್ಜಾದಿಂದ:

ನಮ್ಮದು ಕೊಂಕಣಿ ಮನೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ ಹೀಗೆ ಮೂರು ಭಾಷೆಗಳಲ್ಲಿ ದಿನ ಕಳೆಯುತ್ತಿತ್ತು. ನಮ್ಮ ತರಗತಿಯಲ್ಲಿ ಕನ್ನಡವೇ ಮನೆಮಾತಾಗಿದ್ದವರು ಅರ್ಧದಷ್ಟೂ ಇರಲಿಲ್ಲ. ತುಳು, ಕೊಂಕಣಿ, ಮರಾಠಿ ಮನೆಗಳ ಮಕ್ಕಳೇ ಹೆಚ್ಚು. ಇದು ಚರಿತ್ರೆಯಲ್ಲಿ ಬರಬೇಕು, ಏಕೆಂದರೆ 'ಮಾತೃಭಾಷೆ' ಎಂಬ ಒಂದೇ ಪದದಿಂದ ನಮ್ಮ ಶಾಲೆಯನ್ನು ವಿವರಿಸಲಾಗುವುದಿಲ್ಲ. ಕನ್ನಡ ನಮಗೆ ಮನೆಯ ಭಾಷೆಯಲ್ಲ, ಓದಿನ ಭಾಷೆ, ಯಕ್ಷಗಾನದ ಭಾಷೆ. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ನಾಡಿನಲ್ಲಿ ಇದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ. ಮನೆಮಾತಲ್ಲದ ಕಾರಣಕ್ಕೇ, ಬಿಡುವ ದಿನ ಬಂದಾಗ ನಾವು ಬೇಗ ಬಿಟ್ಟೆವು.

ನಾನು ಇದನ್ನು ನನ್ನ ಮೇಲೆಯೇ ಹೊರಿಸಿಕೊಂಡು ಹೇಳುತ್ತಿದ್ದೇನೆ. ಕೊಲ್ಲಿಯಿಂದ ಹಣ ಬರತೊಡಗಿದಾಗ ನಾನು ಮೊದಲು ಮನೆಯ ಹಂಚು ತೆಗೆಸಿ ಸ್ಲ್ಯಾಬ್ ಹಾಕಿಸಿದೆ, ಎರಡನೆಯದಾಗಿ ಮಕ್ಕಳನ್ನು ಇಂಗ್ಲಿಷ್ ಶಾಲೆಯ ವ್ಯಾನಿಗೆ ಹತ್ತಿಸಿದೆ. ನನ್ನಿಬ್ಬರು ಮಕ್ಕಳಿಗೂ ಕನ್ನಡ ಓದಲು ಬರುವುದಿಲ್ಲ. ನನ್ನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ 600ಕ್ಕೆ ಬಂದ ಅಂಕಗಳನ್ನು ಅವರಿಗೆ ತೋರಿಸುವಾಗ, ಅದರೊಂದಿಗೆ ಇಟ್ಟುಕೊಂಡಿರುವ ಕನ್ನಡ ನಿಬಂಧದ ಪ್ರಶಸ್ತಿಪತ್ರವನ್ನು ನಾನೇ ಓದಿ ಹೇಳಬೇಕಾಗುತ್ತದೆ. ಯಾರು ಮುಚ್ಚಿದರು ಎಂಬ ಅಧ್ಯಾಯ ಬರೆಯುವಾಗ ನಮ್ಮಂಥವರನ್ನು ಬಿಡಬೇಡಿ.

ಕೊನೆಯ ಬೆಂಚು:

ನಾನು ಕೊನೆಯ ತಂಡದವಳು. ಹತ್ತನೇ ತರಗತಿಯಲ್ಲಿ ನಾವು ನಾಲ್ವರು ಇದ್ದೆವು, ಮೂವರು ಹುಡುಗಿಯರು, ಒಬ್ಬ ಹುಡುಗ. ನಮ್ಮ ಹಿಂದೆ ಒಂಬತ್ತನೆಯದೂ ಇರಲಿಲ್ಲ, ಎಂಟನೆಯದೂ ಇರಲಿಲ್ಲ.

ಹೊರಗಿನಿಂದ ನೋಡುವವರಿಗೆ ನಾಲ್ವರೇ ಮಕ್ಕಳೆಂದರೆ ಒಳ್ಳೆಯ ಗಮನ ಸಿಕ್ಕಿರಬಹುದು ಅನ್ನಿಸುತ್ತದೆ. ಕನ್ನಡ ಮತ್ತು ಗಣಿತದಲ್ಲಿ ಅದು ನಿಜವಾಗಿತ್ತು. ಟೀಚರ್, ನೀವು ನಿವೃತ್ತರಾಗುವ ಮುನ್ನ ಸಂಜೆ ನಿಲ್ಲಿಸಿಕೊಂಡು ವೃತ್ತದ ಪಾಠ ಮಾಡಿದ್ದು ನನಗೆ ನೆನಪಿದೆ. ಬೇರೆ ವಿಷಯಗಳಲ್ಲಿ ಹಾಗಿರಲಿಲ್ಲ. ಒಂದು ವಿಷಯಕ್ಕೆ ಬಂದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರು ಒಳ್ಳೆಯವರೇ. ಮಲಯಾಳದ ಪುಸ್ತಕವನ್ನು ಮೇಜಿನ ಮೇಲಿಟ್ಟು, ನಮ್ಮ ಕನ್ನಡ ಪುಸ್ತಕದ ಚಿತ್ರಗಳನ್ನು ನೋಡಿ ಪುಟ ಹೊಂದಿಸಿ, ಕೈಯಿಂದ ತೋರಿಸಿ ಹೇಳುತ್ತಿದ್ದರು. ನಾವು ಪದಗಳನ್ನು ಊಹಿಸಿ ಬರೆದುಕೊಳ್ಳುತ್ತಿದ್ದೆವು. ಇಂಥದ್ದೇ ಕಾರಣಕ್ಕೆ ಜಿಲ್ಲೆಯ ಬೇರೆ ಶಾಲೆಗಳಲ್ಲಿ ಮಕ್ಕಳು ತರಗತಿಯಿಂದ ಹೊರಬಂದು ಕುಳಿತದ್ದನ್ನು ಆಮೇಲೆ ಪತ್ರಿಕೆಯಲ್ಲಿ ಓದಿದೆ. ನಾವು ನಾಲ್ವರು ಹೊರಗೆ ಹೋಗಿ ಕುಳಿತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಕನ್ನಡ ಪಠ್ಯಪುಸ್ತಕಗಳು ಬರುವುದೂ ತಡವಾಗುತ್ತಿತ್ತು. ತಿರುವನಂತಪುರದಲ್ಲಿ ಮಲಯಾಳದ ಪುಸ್ತಕ ಮೊದಲು ಸಿದ್ಧವಾಗಿ, ಆಮೇಲೆ ಕನ್ನಡಕ್ಕೆ ಅನುವಾದವಾಗಿ, ಆಮೇಲೆ ಅಚ್ಚಾಗಿ ಬರಬೇಕು. ಅಷ್ಟರವರೆಗೆ ಹಳೆಯ ತಂಡದವರ ಪುಸ್ತಕವೇ ಗತಿ. ಪಾಠಕ್ರಮ ಬದಲಾದ ವರ್ಷ ಅದೂ ಇಲ್ಲ.

ನಮ್ಮ ತರಗತಿ ಎಂಟನೆಯದರಲ್ಲಿ ತೆಂಕುಮೂಲೆಯ ಕೋಣೆಯಲ್ಲಿತ್ತು, ಮುರಕಲ್ಲಿನ ಗೋಡೆ, ಎತ್ತರದ ಹಂಚಿನ ಮಾಡು. ಒಂಬತ್ತಕ್ಕೆ ಅದನ್ನು ತಟ್ಟಿ ಇಟ್ಟು ಎರಡು ಪಾಲು ಮಾಡಿದರು. ಆ ಬದಿಯ ಮಲಯಾಳಂ ಪದ್ಯ ನಮಗೂ ಬಾಯಿಪಾಠವಾಯಿತು. ಹತ್ತನೆಯದರಲ್ಲಿ ನಮ್ಮನ್ನು ಗ್ರಂಥಾಲಯದ ಕಪಾಟುಗಳ ನಡುವೆ ಒಂದು ಮೇಜಿನ ಸುತ್ತ ಕೂರಿಸಿದರು. ಕಲೋತ್ಸವ ಬಂದಾಗ ಮಾತ್ರ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು, ಕನ್ನಡ ಕವಿತಾವಾಚನಕ್ಕೂ ಭಾಷಣಕ್ಕೂ ಶಾಲೆಗೆ ಹೆಸರು ಕೊಡಲು ಬೇರೆ ಮಕ್ಕಳಿರಲಿಲ್ಲ. ಉಪಜಿಲ್ಲೆಯಲ್ಲಿ ನನಗೆ ಎರಡನೆಯ ಸ್ಥಾನ ಬಂತು. ಸ್ಕೂಲ್‌ವಿಕಿಯ ಬಹುಮಾನಗಳ ಪಟ್ಟಿಯಲ್ಲಿ ಅದು ಇದೆಯೇ ಎಂದು ಯಾರಾದರೂ ನೋಡಿ ಹೇಳುವಿರಾ?

ಜತ್ತದ ಓದುಗ:

ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜ‌ತ್ತ ತಾಲೂಕಿನವನು, ನಿಮ್ಮ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನಮ್ಮಲ್ಲಿ ಕನ್ನಡ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನವು, ಹೈಸ್ಕೂಲುಗಳು ಬಹುಮಟ್ಟಿಗೆ ಅನುದಾನಿತ ಸಂಸ್ಥೆಗಳವು. ನೀವು ಸ್ಟಾಫ್ ಫಿಕ್ಸೇಶನ್ ಎನ್ನುವುದಕ್ಕೆ ಇಲ್ಲಿ ಸಂಚಮಾನ್ಯತಾ ಎನ್ನುತ್ತಾರೆ. ಅದು ನಡೆಯುವುದು ಸೆಪ್ಟೆಂಬರ್ 30ರ ಪಟಸಂಖ್ಯೆಯ (ದಾಖಲಾದ ಮಕ್ಕಳ ಸಂಖ್ಯೆಯ) ಮೇಲೆ. ತಿಂಗಳು ಬೇರೆ, ಭಾಷೆ ಬೇರೆ, ಆದರೆ ಟೀಚರ್ ಅವರು ಬರೆದ ಆ ತಂದೆ ಮಗಳ ಪ್ರಸಂಗ ನಮ್ಮೂರಲ್ಲೇ ನಡೆದಂತೆ ಓದಿದೆ.

ಒಂದು ಉಪಯೋಗದ ಮಾತು. ಕರ್ನಾಟಕದ ವೃತ್ತಿಶಿಕ್ಷಣದ ಸಿಇಟಿ ನಿಯಮಗಳಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಗಡಿನಾಡ ಕನ್ನಡ ಮಕ್ಕಳಿಗೆ ಅರ್ಹತೆಯ ಅವಕಾಶವಿದೆ. ಅದಕ್ಕೆ ಶಾಲೆಯ ಪ್ರಮಾಣಪತ್ರಗಳು ಬೇಕು. ಹಾಗಾಗಿ ನಿಮ್ಮ ಹಳೆಯ ರಿಜಿಸ್ಟರುಗಳು ಸುರಕ್ಷಿತವಾಗಿರುವುದು ಬರೀ ಚರಿತ್ರೆಗಾಗಿ ಅಲ್ಲ.

ಕೋಟೆಬಾಗಿಲು:

ಕೊನೆಯ ಬೆಂಚಿನ ತಂಗಿ ಬರೆದದ್ದನ್ನು ಓದಿದ ಮೇಲೆ ನನ್ನ ಆಕ್ಷೇಪವನ್ನು ಹಿಂತೆಗೆದುಕೊಳ್ಳುತ್ತೇನೆ. ಶೀರ್ಷಿಕೆ ಹಾಗೆಯೇ ಇರಲಿ. ಆದರೆ ಒಳಗೆ ಒಂದು ಕಡೆ, ಆ ಕಟ್ಟಡದಲ್ಲಿ ಇಂದು ನಡೆಯುತ್ತಿರುವ ಶಾಲೆಯ ಬಗ್ಗೆ ಗೌರವದಿಂದ ಒಂದು ಮಾತು ಬರೆಯಿರಿ. ತಂಗಿ, ಬಹುಮಾನಗಳ ಪಟ್ಟಿಯನ್ನು ನೋಡಿದೆ. ಅದರಲ್ಲಿ ಮೊದಲ ಸ್ಥಾನ ಪಡೆದವರನ್ನು ಮಾತ್ರ ಸೇರಿಸಿದ್ದಾರೆ. ಅಕ್ಕನ ಮಗನ ಜೊತೆ ಕಳೆದ ಶನಿವಾರ ಶಾಲೆಗೆ ಹೋಗಿದ್ದೆ. ತೆಂಕುಮೂಲೆಯ ಕೋಣೆ ಈಗ ಕಂಪ್ಯೂಟರ್ ಕೋಣೆಯಾಗಿದೆ. ಹಳೆಯ ಕಪ್ಪುಹಲಗೆ ಗೋಡೆಯಲ್ಲೇ ಇರುವುದರಿಂದ ಅದನ್ನು ತೆಗೆಯಲಾಗಿಲ್ಲ, ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಎಡಗಡೆಯ ಮೂಲೆಯಲ್ಲಿ ಬಣ್ಣದಡಿಯಿಂದ 'ಒಟ್ಟು', 'ಹಾಜರು' ಎಂಬ ಎರಡು ಪದಗಳು ಕನ್ನಡದಲ್ಲಿ ಕಾಣುತ್ತವೆ. ಫೋಟೋ ತೆಗೆದಿದ್ದೇನೆ.

ಹಳೆ ವಿದ್ಯಾರ್ಥಿ:

ಇಷ್ಟು ಬರುತ್ತದೆಂದು ನಾನು ಎಣಿಸಿರಲಿಲ್ಲ. ಎಲ್ಲರ ಬರಹಗಳನ್ನೂ ಎರಡು ಸಲ ಓದಿ ಕೆಲವು ತೀರ್ಮಾನಗಳಿಗೆ ಬಂದಿದ್ದೇನೆ; ಒಪ್ಪಿಗೆಯಿಲ್ಲದವರು ತಿದ್ದಬೇಕು.

ಮುಚ್ಚಿದ ವರ್ಷ ಎಂದು ಒಂದೇ ವರ್ಷವನ್ನು ನಾವು ಹೇಳುವುದಿಲ್ಲ. ಎರಡು ಡಿವಿಷನ್ ಒಂದಾದ ವರ್ಷ, ಎಂಟಕ್ಕೆ ಸೇರ್ಪಡೆ ನಿಂತ ವರ್ಷ, ಕನ್ನಡದ ಹುದ್ದೆಗಳು ಒಂದೊಂದಾಗಿ ಹೋದ ವರ್ಷಗಳು, ನಾಲ್ವರು ಪರೀಕ್ಷೆ ಬರೆದ ವರ್ಷ ಇವೆಲ್ಲವನ್ನೂ ಸ್ಟಾಫ್ ಫಿಕ್ಸೇಶನ್ ಆದೇಶಗಳಿಂದ ತೆಗೆದು ಸಾಲಾಗಿ ಬರೆಯುತ್ತೇವೆ. ಅರ್ಜಿಯನ್ನು ಗುಮಾಸ್ತರು ಹೇಳಿದ ರೀತಿಯಲ್ಲೇ ಬರೆದಿದ್ದೇನೆ, ನಾಳೆ ಅಂಚೆಗೆ ಹಾಕುತ್ತೇನೆ. ಮಕ್ಕಳ ಹೆಸರುಗಳನ್ನು ಅವರವರ ಒಪ್ಪಿಗೆಯಿಲ್ಲದೆ ಬರೆಯುವುದಿಲ್ಲ.

ಶಾಲೆಗಳಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡಿದ 2017ರ ಕಾನೂನಿನಿಂದಲೇ ನಮ್ಮ ಶಾಲೆ ಹೋಯಿತು ಎಂದು ಪೇಟೆಯಲ್ಲಿ ಹಲವರು ನಂಬಿದ್ದಾರೆ. ಆ ಕಾನೂನಿನ ವಿರುದ್ಧ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಸರಿಯೇ, ಅವರ ಜೊತೆ ನಾನೂ ನಿಂತಿದ್ದೆ. ಆದರೆ ನಮ್ಮ ದಡದಲ್ಲಿ ಅಷ್ಟು ಹೊತ್ತಿಗೆ ರಕ್ಷಿಸಲು ತರಗತಿಯೇ ಉಳಿದಿರಲಿಲ್ಲ. ಈ ಮಾತನ್ನು ಬರೆಯುವುದರಿಂದ ಹೋರಾಟಕ್ಕೆ ಕುಂದಾಗುತ್ತದೆ ಎಂದು ಕೆಲವರು ಹೇಳಬಹುದು. ನಾನು ಹಾಗೆ ತಿಳಿಯುವುದಿಲ್ಲ. ಬಡಗಣ ದಡದಲ್ಲಿ ಇನ್ನೂ ಎರಡೆರಡು ಡಿವಿಷನ್ ಇರುವ ಕನ್ನಡ ಹೈಸ್ಕೂಲುಗಳಿವೆ. ಅಲ್ಲಿನವರು ಜೂನ್‌ನ ಆರನೆಯ ಕೆಲಸದ ದಿನವನ್ನು ಎಚ್ಚರದಿಂದ ನೋಡಬೇಕಾದರೆ ನಮ್ಮಲ್ಲಿ ನಡೆದದ್ದು ನಡೆದ ಕ್ರಮದಲ್ಲೇ ಅವರಿಗೆ ತಿಳಿದಿರಬೇಕು.

ಬರೆದು ಮುಗಿಸಿದ ಮೇಲೆ ಕನ್ನಡದಲ್ಲಿ ಒಂದು ಪ್ರತಿ, ಮಲಯಾಳದಲ್ಲಿ ಒಂದು ಪ್ರತಿ ಮಾಡಿ ಶಾಲೆಗೆ ಕೊಡೋಣ. ಸ್ಕೂಲ್‌ವಿಕಿಯ ಪುಟದಲ್ಲಿ ಆ ಒಂದು ವಾಕ್ಯದ ಜಾಗದಲ್ಲಿ ಅದನ್ನು ಸೇರಿಸಲು ಈಗಿನ ಮುಖ್ಯೋಪಾಧ್ಯಾಯರನ್ನು ನಾನೇ ಹೋಗಿ ಕೇಳುತ್ತೇನೆ. ಎರಡನೆಯ ಸ್ಥಾನದ ಬಹುಮಾನವೂ ಅದರಲ್ಲಿರುತ್ತದೆ.

ಈಗ ಬೇಕಾಗಿರುವುದು ಒಂದು: ಕನ್ನಡ ತರಗತಿಗಳ ಗ್ರೂಪ್ ಫೋಟೋಗಳು. ಯಾರ ಮನೆಯ ಗೋಡೆಯಲ್ಲಾದರೂ, ಹಳೆಯ ಟ್ರಂಕಿನಲ್ಲಾದರೂ ಇದ್ದರೆ, ಚೌಕಟ್ಟಿನಿಂದ ತೆಗೆಯಲು ಹೋಗದೆ ಹಾಗೆಯೇ ಹಗಲು ಬೆಳಕಿನಲ್ಲಿ ಚಿತ್ರ ತೆಗೆದು ತಿಳಿಸಿ.

ಗಣಿತದ ಟೀಚರ್:

ನನ್ನ ಬಳಿ ಹನ್ನೊಂದು ಇವೆ. ಮೊದಲ ವರ್ಷದ್ದರಲ್ಲಿ ಮಕ್ಕಳು ಐದು ಸಾಲುಗಳಲ್ಲಿ ನಿಂತಿದ್ದಾರೆ, ಹಿಂದಿನ ಸಾಲಿನವರನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಬೇಕಾಗಿತ್ತು. ಹಿಂಬದಿಯಲ್ಲಿ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಕೆಲವು ಮಾಸಿವೆ. ಆದಿತ್ಯವಾರ ಮಧ್ಯಾಹ್ನದ ಮೇಲೆ ಮನೆಗೆ ಬಂದರೆ ಒಟ್ಟಿಗೆ ಕುಳಿತು ಓದಬಹುದು. ಅಜ್ಜನವರನ್ನು ಕರೆತರುವುದಾದರೆ ಮೊದಲೇ ತಿಳಿಸಿ, ಮೆಟ್ಟಿಲು ಹತ್ತದಂತೆ ಕೆಳಗಿನ ಚಾವಡಿಯಲ್ಲೇ ಕೂರುವ ವ್ಯವಸ್ಥೆ ಮಾಡುತ್ತೇನೆ.